ಊರಿಗೆ ಕಳೆ ಬಂತು

ಟೊರಾಂಟೊ ಷೇರುಪೇಟೆಯಲ್ಲಿ ಪ್ರತಿ ಕಂಪನಿಗೂ ಕೆಲವೇ ಅಕ್ಷರದ ಒಂದು ಅಡ್ಡಹೆಸರು ಇರುತ್ತದೆ. 2017ರಲ್ಲಿ ಅಲ್ಲಿನ ಕಂಪನಿಯೊಂದು ತನ್ನ ಹಳೆಯ ಅಕ್ಷರಗಳನ್ನು ಬಿಟ್ಟುಕೊಟ್ಟು ‘ವೀಡ್’ ಎಂದು ಹೆಸರಿಟ್ಟುಕೊಂಡಿತು. ಇಂಗ್ಲಿಷಿನ ಆಡುಮಾತಿನಲ್ಲಿ ಅದು ಗಾಂಜಾ. ಕನ್ನಡದಲ್ಲಿ ಹೇಳುವುದಾದರೆ, ಕಳೆ. ಗದ್ದೆಯೋ ತೋಟವೋ ಇರುವ ಯಾರನ್ನೇ ಕೇಳಿ: ಕಳೆ ಎಂದರೆ ಆಳಿಗೆ ಕೂಲಿ ಕೊಟ್ಟು, ಮೇಲೆ ಕಾಫಿ ತಿಂಡಿಯನ್ನೂ ಕೊಟ್ಟು ಕೀಳಿಸಿ, ಬದುವಿನಾಚೆ ಎಸೆಯುವ ವಸ್ತು. ಈ ಕಂಪನಿ ಅದನ್ನೇ ಏಸಿ ಕೋಣೆಯೊಳಗೆ, ಕ್ಯಾಮೆರಾ ಕಾವಲಿನಲ್ಲಿ, ತೂಕ ಬರೆದಿಟ್ಟು ಬೆಳೆಸುತ್ತಿತ್ತು. ಒಂದು ಹಂತದಲ್ಲಿ ಅದರ ಒಟ್ಟು ಷೇರುಗಳ ಬೆಲೆ 2,000 ಕೋಟಿ ಕೆನಡಾ ಡಾಲರ್ ದಾಟಿತ್ತು. ನಮ್ಮ ಲೆಕ್ಕಕ್ಕೆ ತಂದರೆ ಒಂದು ಲಕ್ಷ ಕೋಟಿ ರೂಪಾಯಿ. ಕಳೆಗೆ.

ಕನ್ನಡದಲ್ಲಿ ಈ ಪದಕ್ಕೆ ಕೆಲಸ ಜಾಸ್ತಿ. ಹೊಲದಲ್ಲಿದ್ದರೆ ಕಿತ್ತು ಬಿಸಾಡಬೇಕು. ಮುಖದಲ್ಲಿದ್ದರೆ ದೃಷ್ಟಿ ತೆಗೆಯಬೇಕು. ಲೆಕ್ಕದ ಪುಸ್ತಕದಲ್ಲಿದ್ದರೆ, ಇದ್ದದ್ದರಲ್ಲಿ ಅಷ್ಟು ಹೋಯಿತು ಎಂದು ತಿಳಿಯಬೇಕು. ಕೆನಡಾದ ಸ್ಮಿತ್ಸ್ ಫಾಲ್ಸ್ ಎಂಬ ಊರಿಗೆ ಹತ್ತೇ ವರ್ಷದಲ್ಲಿ ಮೂರೂ ಬಗೆಯ ಕಳೆ ಬಂತು.

ಒಂಟಾರಿಯೊ ಪ್ರಾಂತ್ಯದ ಪೂರ್ವ ಭಾಗದಲ್ಲಿ, ರಾಜಧಾನಿ ಒಟ್ಟಾವಾದಿಂದ ಸುಮಾರು 75 ಕಿ.ಮೀ. ದೂರದಲ್ಲಿದೆ ಈ ಊರು. ಜನಸಂಖ್ಯೆ ಒಂಬತ್ತು ಸಾವಿರದ ಆಸುಪಾಸು. ನಮ್ಮಲ್ಲಾದರೆ ಪಟ್ಟಣ ಪಂಚಾಯಿತಿಗೂ ತಲೆ ಸಾಲುವುದಿಲ್ಲ. ಊರ ನಡುವೆ 1832ರಲ್ಲಿ ತೆರೆದ ರಿಡೋ ಕಾಲುವೆ ಹಾದುಹೋಗುತ್ತದೆ. ಅಮೆರಿಕದವರು ದಂಡೆತ್ತಿ ಬಂದರೆ ಸೈನ್ಯದ ಸಾಮಾನು ಸಾಗಿಸಲು ಇರಲಿ ಎಂದು ಬ್ರಿಟಿಷರು ತೋಡಿಸಿದ್ದು. ಅಮೆರಿಕದವರು ದಂಡೆತ್ತಿ ಬರಲಿಲ್ಲ. 1963ರ ಹೊತ್ತಿಗೆ ಚಾಕೊಲೇಟ್ ಎತ್ತಿಕೊಂಡು ಬಂದರು.

ಹರ್ಷೀಸ್ ಕಂಪನಿ ಅಮೆರಿಕದಿಂದಾಚೆ ಕಟ್ಟಿದ ಮೊದಲ ಕಾರ್ಖಾನೆ ಅದು. ಹತ್ತಿರ ಹತ್ತಿರ ಅರ್ಧ ಶತಮಾನ ಊರಿಗೆ ಊರೇ ಅದರ ನೆರಳಿನಲ್ಲಿ ಬದುಕಿತು. ಗಾಳಿ ಬೀಸಿದ ಕಡೆಗೆಲ್ಲ ಕೋಕೊ ಹುರಿದ ಘಮ. ನೀರಿನ ಟ್ಯಾಂಕಿನ ಮೇಲೆ ‘ಒಂಟಾರಿಯೊದ ಚಾಕೊಲೇಟ್ ರಾಜಧಾನಿ’ ಎಂಬ ಬರಹ. ಕಾರ್ಖಾನೆ ನೋಡಲು ವರ್ಷಕ್ಕೆ ಲಕ್ಷಗಟ್ಟಲೆ ಜನ ಬರುತ್ತಿದ್ದರು. ಗಾಜಿನಾಚೆ ಬೆಲ್ಟಿನ ಮೇಲೆ ಸಾಲುಹಿಡಿದು ಸಾಗುವ ಚಾಕೊಲೇಟ್ ಬಾರುಗಳನ್ನು ಬಾಯಲ್ಲಿ ನೀರೂರಿಸಿಕೊಂಡು ನೋಡುವುದು, ಆಮೇಲೆ ಅಲ್ಲೇ ಇದ್ದ ಅಂಗಡಿಗೆ ನುಗ್ಗುವುದು. ಧರ್ಮಸ್ಥಳಕ್ಕೆ ಹೋದವರು ಪ್ರಸಾದ ಕೊಳ್ಳದೆ ಬಂದಾರೆಯೆ?

2007ರ ಫೆಬ್ರವರಿಯಲ್ಲಿ ಕಂಪನಿ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಮೆಕ್ಸಿಕೊದ ಮಾಂಟೆರೆಯಲ್ಲಿ ಹೊಸದು ಕಟ್ಟುತ್ತಿದ್ದರು, ಅಲ್ಲಿ ಕೂಲಿ ಅಗ್ಗ. ಅದೇ ವರ್ಷ ಯುನೆಸ್ಕೊದವರು ರಿಡೋ ಕಾಲುವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ಒಂದು ಊರಿನಲ್ಲಿ ಉದ್ಯೋಗ ಹೋಗಿ ಪರಂಪರೆ ಮಾತ್ರ ಉಳಿಯಿತು ಎಂಬುದಕ್ಕೆ ಇಷ್ಟು ಮುಚ್ಚುಮರೆಯಿಲ್ಲದ ಪ್ರಮಾಣಪತ್ರ ಬೇರೆಲ್ಲೂ ಸಿಕ್ಕಿರಲಾರದು. 2008ರ ಕೊನೆಗೆ ಕಾರ್ಖಾನೆಯ ಗೇಟಿಗೆ ಬೀಗ ಬಿತ್ತು, ಐನೂರಕ್ಕೂ ಹೆಚ್ಚು ಮಂದಿ ಮನೆ ಸೇರಿದರು. ಕೈಉಪಕರಣ ತಯಾರಿಸುವ ಸ್ಟ್ಯಾನ್ಲಿ ಘಟಕವೂ ಅದೇ ಸುಮಾರಿಗೆ ಹೋಯಿತು. ಬೌದ್ಧಿಕ ಅಂಗವೈಕಲ್ಯ ಉಳ್ಳವರಿಗಾಗಿ ಸರ್ಕಾರ ನಡೆಸುತ್ತಿದ್ದ, ನೂರಾರು ಜನಕ್ಕೆ ನೌಕರಿ ಕೊಟ್ಟಿದ್ದ ದೊಡ್ಡ ವಸತಿ ಸಂಸ್ಥೆ 2009ರಲ್ಲಿ ಮುಚ್ಚಿತು. ಎರಡು ವರ್ಷದೊಳಗೆ ಮೂರು ಬೀಗ. ಭದ್ರಾವತಿಯವರಿಗೂ ಕೆಜಿಎಫ್‌ನವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಖಾನೆ ಹೋದ ಊರಿನಲ್ಲಿ ಕಾರ್ಖಾನೆಗಿಂತ ದೊಡ್ಡ ಸಮಸ್ಯೆ ಅದರ ಕಟ್ಟಡ. ನಾಲ್ಕು ಲಕ್ಷ ಚದರಡಿಗೂ ಮಿಕ್ಕಿದ ಖಾಲಿ ಗೋಡೌನು ದಿನಾ ಕಣ್ಣಿಗೆ ಬೀಳುತ್ತದೆ. ಮದುವೆಯಾಗದ ಮಗಳಿರುವ ಮನೆಗೆ ಬರುವ ಹಾಗೆ ಸಂಬಂಧ ಹೇಳಿಕೊಂಡು ಬರುವವರು ಬರುತ್ತಾರೆ. ಇಲ್ಲೂ ಬಂದರು. ಬಾಟಲಿ ನೀರು ತುಂಬಿಸುವ ಕಂಪನಿಯೊಂದು ಬರುತ್ತದೆ ಎಂದು ಒಮ್ಮೆ ಗುಲ್ಲಾಯಿತು. ಗುಲ್ಲು ತಣ್ಣಗಾಯಿತು, ನೀರು ಬರಲಿಲ್ಲ. ಇಂಥ ಊರುಗಳಿಗೆಲ್ಲ ಒಂದು ಆರ್ಥಿಕ ಅಭಿವೃದ್ಧಿ ಕಚೇರಿ ಇರುತ್ತದೆ. ಅಲ್ಲೊಂದು ಬಣ್ಣದ ಪುಸ್ತಿಕೆ ಇರುತ್ತದೆ: ‘ನಮ್ಮಲ್ಲಿ ನೀರಿದೆ, ಕರೆಂಟಿದೆ, ಹೆದ್ದಾರಿ ಹತ್ತಿರ, ಕೆಲಸ ಬಲ್ಲ ಜನರಿದ್ದಾರೆ’. ಪುಸ್ತಿಕೆಯಲ್ಲಿ ಬರೆಯದ ಸಾಲು ಒಂದೇ: ‘ಏನು ತಂದರೂ ಬೇಡ ಅನ್ನುವುದಿಲ್ಲ’.

ಆ ಬರೆಯದ ಸಾಲನ್ನು 2013ರಲ್ಲಿ ಇಬ್ಬರು ಓದಿಕೊಂಡರು. ಬ್ರೂಸ್ ಲಿಂಟನ್ ಮತ್ತು ಚಕ್ ರಿಫಿಚಿ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕೆನಡಾದಲ್ಲಿ ರೋಗಿಗಳಿಗೆ ಔಷಧಿಯೆಂದು ಗಾಂಜಾ ಸಿಗಬೇಕೆಂಬ ವ್ಯವಸ್ಥೆ 2001ರಿಂದಲೇ ಇತ್ತು. ಸರ್ಕಾರ ತಾನೇ ಬೆಳೆಸಿ ಕೊಡುವುದೆಂದು ಹೊರಟಾಗ ಗಿಡ ಎಲ್ಲಿ ನೆಟ್ಟರು ಗೊತ್ತೆ? ಮ್ಯಾನಿಟೋಬಾದ ಫ್ಲಿನ್ ಫ್ಲಾನ್ ಎಂಬ ಊರಿನ ಗಣಿಯಲ್ಲಿ, ನೆಲದಡಿಯಲ್ಲಿ. ಬಿಸಿಲಿಗೆ ಬಿಟ್ಟರೆ ತಾನಾಗಿ ಆಳೆತ್ತರ ಬೆಳೆಯುವ ಗಿಡವನ್ನು ನೆಲದೊಳಗೆ ಇಳಿಸಿ, ದೀಪ ಹಚ್ಚಿ ಸಾಕಿದರು. ಕಳ್ಳರ ಭಯ. ಅದು ಸಾಲದು ಎಂದು ಕೆಲವು ರೋಗಿಗಳಿಗೆ ಮನೆಯಲ್ಲೇ ಬೆಳೆದುಕೊಳ್ಳಲು ಅನುಮತಿ ಕೊಟ್ಟರು. ಅದು ಅತಿಯಾಯಿತು ಎಂದು 2013ರಲ್ಲಿ ನಿಯಮ ಬದಲಿಸಿ, ಇನ್ನು ಮುಂದೆ ಲೈಸೆನ್ಸು ಪಡೆದ ಕಂಪನಿಗಳೇ ಬೆಳೆದು ಅಂಚೆಯಲ್ಲಿ ಕಳಿಸತಕ್ಕದ್ದು ಎಂದರು. ಗಟ್ಟಿ ಗೋಡೆ, ದೊಡ್ಡ ಕಟ್ಟಡ, ಧಾರಾಳ ಕರೆಂಟು, ಕೆಲಸಕ್ಕೆ ಕಾದು ಕೂತ ಜನ: ನಿಯಮ ಬೇಡಿದ್ದೆಲ್ಲ ಸ್ಮಿತ್ಸ್ ಫಾಲ್ಸಿನ ಖಾಲಿ ಚಾಕೊಲೇಟ್ ಕಾರ್ಖಾನೆಯಲ್ಲಿತ್ತು.

ಕಂಪನಿಗೆ ‘ಟ್ವೀಡ್’ ಎಂದು ಹೆಸರಿಟ್ಟರು. ಟ್ವೀಡ್ ಎಂದರೆ ಮೇಷ್ಟ್ರುಗಳು ಹಾಕಿಕೊಳ್ಳುವ ಉಣ್ಣೆ ಕೋಟಿನ ಬಟ್ಟೆ. ಗಾಂಜಾಕ್ಕೆ ಇದಕ್ಕಿಂತ ಮರ್ಯಾದಸ್ಥ ಮುಸುಕು ಸಿಗದು. ಊರಿನ ಆಡಳಿತ ಅವರಿಗೆ ಅಡ್ಡಿ ಮಾಡಲಿಲ್ಲ, ಕೈಹಿಡಿಯಿತು. ಸಮಾಧಾನ ಹೇಳಿಕೊಳ್ಳಲು ಒಂದು ಪದ ಸಿದ್ಧವಿತ್ತಲ್ಲ: ಔಷಧಿ. ನಿನ್ನೆಯವರೆಗೆ ಹಿತ್ತಲಲ್ಲಿ ಸೇದಿ ಸಿಕ್ಕಿಬಿದ್ದ ಹುಡುಗನನ್ನು ಬೈಯುತ್ತಿದ್ದ ಹಿರಿಯರು ಇಂದು ‘ಔಷಧ ಉದ್ಯಮ’ ಎಂದು ತಲೆ ಎತ್ತಿ ಹೇಳಬಹುದಿತ್ತು. ಒಂದು ಪದ ಸರಿಯಾಗಿ ಕೂತರೆ ಊರಿನ ಆತ್ಮಸಾಕ್ಷಿಗೆ ಎಷ್ಟು ಆರಾಮ!

ಪೊಲೀಸರಿಗೆ ಮಾತ್ರ ಆ ಪದ ಇನ್ನೂ ಬಾಯಿಗೆ ಕೂತಿರಲಿಲ್ಲ. 2014ರ ಮಾರ್ಚ್ ಕೊನೆಗೆ, ಹಳೆಯ ನಿಯಮದ ಗಡುವು ಮುಗಿಯುವ ಹೊತ್ತಿನಲ್ಲಿ, ಮನೆ ಬೆಳೆಗಾರರಿಂದ ಹೊಸ ಕಂಪನಿಗಳಿಗೆ ಹೋಗಬೇಕಿದ್ದ ನೂರಾರು ಕಿಲೊ ಗಾಂಜಾವನ್ನು ಬ್ರಿಟಿಷ್ ಕೊಲಂಬಿಯಾದ ಕೆಲೋನಾ ವಿಮಾನ ನಿಲ್ದಾಣದಲ್ಲಿ ಪೊಲೀಸರು ಹಿಡಿದರು. ಅದರಲ್ಲಿ ಟ್ವೀಡಿನ ಪಾಲೂ ಇತ್ತು. ಒಂದು ಇಲಾಖೆ ಲೈಸೆನ್ಸು ಕೊಟ್ಟ ಮಾಲು, ಇನ್ನೊಂದು ಇಲಾಖೆ ಜಪ್ತಿ ಮಾಡಿದ ಮಾಲು. ಬೇರೆ ಯಾವ ದಂಧೆಯಾಗಿದ್ದರೂ ಅಲ್ಲಿಗೆ ಮಾನ ಹೋಗಿತ್ತು. ಇವರು ಕೆಲವೇ ದಿನಗಳಲ್ಲಿ, ಏಪ್ರಿಲ್‌ನಲ್ಲಿ, ಟೊರಾಂಟೊದ ಸಣ್ಣ ಕಂಪನಿಗಳ ಷೇರುಪೇಟೆಗೆ ಇಳಿದರು. ಷೇರು ಬಿಸಿ ಬಿಸಿ ದೋಸೆಯಂತೆ ಹೋಯಿತು. ನಿಜವಾದ ಬೆಳೆ ಯಾವುದು ಎಂಬ ಸುಳಿವು ಅಂದೇ ಇತ್ತು, ಯಾರೂ ಗಮನಿಸಲಿಲ್ಲ.

ಚಾಕೊಲೇಟ್ ಕಾರ್ಖಾನೆಯ ಒಳಗಣ ಸಂಸಾರ ಹೊಸದಾಗಿ ಶುರುವಾಯಿತು. ಮಾಲು ಇಡುವ ಕೋಣೆ ಬ್ಯಾಂಕಿನ ಲಾಕರಿನಷ್ಟು ಭದ್ರವಿರಬೇಕೆಂದು ನಿಯಮ. ಎಲ್ಲಾ ಮೂಲೆಗೂ ಕ್ಯಾಮೆರಾ. ಒಳಗೆ ಹೋಗುವವರು ಕೂದಲಿಗೆ ಟೋಪಿ, ಕಾಲಿಗೆ ಚೀಲ ಹಾಕಿಕೊಳ್ಳಬೇಕು. ಹಿಂದೆ ಹಾಲು-ಸಕ್ಕರೆ-ಕೋಕೊ ಕಲಸುತ್ತಿದ್ದ ಕಡೆ ಈಗ ಕತ್ತರಿ ಹಿಡಿದು ಮೊಗ್ಗು ಸವರುತ್ತ ಕೂತ ಜನ. ಅವರಲ್ಲಿ ಕೆಲವರು ಹಿಂದೆ ಇದೇ ಸೂರಿನಡಿ ಚಾಕೊಲೇಟ್ ಕೆಲಸ ಮಾಡಿದವರೇ. ಬಿದ್ದ ಎಲೆ, ಕಡಿದ ದಂಟು, ಎಲ್ಲಕ್ಕೂ ತೂಕ, ಎಲ್ಲಕ್ಕೂ ಲೆಕ್ಕ. ಕಸವನ್ನು ಎಸೆಯಲೂ ಸಾಕ್ಷಿ ಬೇಕು. ನಮ್ಮೂರ ಸೊಸೈಟಿಯಲ್ಲಿ ಅಡಿಕೆಗೂ ಇಷ್ಟು ಲೆಕ್ಕ ಇಡುವುದಿಲ್ಲ.

2015ರಲ್ಲಿ ಕಂಪನಿ ‘ಕ್ಯಾನಪಿ ಗ್ರೋತ್’ ಎಂದಾಯಿತು. ಮುಂದೆ ಷೇರುಪೇಟೆಯಲ್ಲಿ ‘ವೀಡ್’ ಆದದ್ದು ಇದೇ. ಮರುವರ್ಷ ರ‍್ಯಾಪ್ ಗಾಯಕ ಸ್ನೂಪ್ ಡಾಗ್ ಜೊತೆ ಒಪ್ಪಂದ. ಔಷಧಿ ಕಂಪನಿಗೆ ರ‍್ಯಾಪ್ ಗಾಯಕ ಯಾಕೆ ಎಂದು ಕೇಳಿದವರಿಲ್ಲ. ಜಸ್ಟಿನ್ ಟ್ರೂಡೊ ಸರ್ಕಾರ ಬಂದಿತ್ತು, ಖುಷಿಗೆ ಸೇದುವುದನ್ನೂ ಕಾನೂನುಬದ್ಧ ಮಾಡುತ್ತೇವೆಂದು ಹೇಳಿತ್ತು. 2017ರ ಅಕ್ಟೋಬರಿನಲ್ಲಿ, ಅಮೆರಿಕದಲ್ಲಿ ಕೊರೊನಾ ಬಿಯರ್ ಮಾರುವ ಕಾನ್‌ಸ್ಟೆಲೇಷನ್ ಬ್ರಾಂಡ್ಸ್ ಕಂಪನಿ ಇದರಲ್ಲಿ 24.5 ಕೋಟಿ ಡಾಲರ್ ಹಾಕಿತು. 2018ರ ಆಗಸ್ಟಿನಲ್ಲಿ ಇನ್ನೂ 500 ಕೋಟಿ ಡಾಲರ್ ಹಾಕುತ್ತೇನೆಂದಿತು, ರೂಪಾಯಿಯಲ್ಲಿ 25 ಸಾವಿರ ಕೋಟಿಗೂ ಮಿಕ್ಕಿ. ಅದೇ ತಿಂಗಳು ಕಾರ್ಖಾನೆಯಲ್ಲಿ ಸಂದರ್ಶಕರ ಕೇಂದ್ರ ಮತ್ತೆ ತೆರೆಯಿತು. ಚಾಕೊಲೇಟ್ ಕಾಲದ ಹಾಗೇ ಜನ ಬಂದು ಗಾಜಿನಾಚೆ ಇಣುಕಿದರು. ಒಂದೇ ವ್ಯತ್ಯಾಸ: ನೋಡಿದ್ದನ್ನು ಅಲ್ಲಿ ಕೊಳ್ಳುವಂತಿರಲಿಲ್ಲ. ಒಂಟಾರಿಯೊದಲ್ಲಿ 2019ರ ಏಪ್ರಿಲ್‌ವರೆಗೆ ಕಾನೂನುಬದ್ಧ ಗಾಂಜಾ ಅಂಗಡಿಯೇ ತೆರೆದಿರಲಿಲ್ಲ.

ಊರಿಗೆ ಕಳೆ ಬಂದದ್ದು ಸುಳ್ಳಲ್ಲ. ಚಾಕೊಲೇಟ್ ಕಾಲಕ್ಕಿಂತ ಹೆಚ್ಚು ಜನಕ್ಕೆ ಕೆಲಸ ಸಿಕ್ಕಿತು. ಮನೆ ಬಾಡಿಗೆ ಏರಿತು, ಮುಚ್ಚಿದ ಅಂಗಡಿಗಳು ತೆರೆದವು, ಮನೆ ಮಾರುವವರು ಬೆಲೆ ಹೇಳುವಾಗ ಎದೆ ಉಬ್ಬಿಸಿದರು. ಪ್ರಪಂಚದ ಪತ್ರಕರ್ತರೆಲ್ಲ ಬಂದು ‘ಚಾಕೊಲೇಟಿನಿಂದ ಗಾಂಜಾಕ್ಕೆ’ ಎಂಬ ಒಂದೇ ತಲೆಬರಹದ ಲೇಖನ ಬರೆದುಕೊಂಡು ಹೋದರು. (ನಾನೂ ಈಗ ಅದನ್ನೇ ಬರೆಯುತ್ತಿದ್ದೇನೆ, ಹಲವು ವರ್ಷ ತಡವಾಗಿ. ತಡವಾದದ್ದರಿಂದ ಕಥೆಯ ಉತ್ತರಾರ್ಧವೂ ಸಿಕ್ಕಿತು.) 2018ರ ಅಕ್ಟೋಬರ್ 17ರಂದು ಗಾಂಜಾ ದೇಶಾದ್ಯಂತ ಕಾನೂನುಬದ್ಧವಾಯಿತು. ಗಡಿಯಾರದಲ್ಲಿ ಎಲ್ಲರಿಗಿಂತ ಮುಂದಿರುವ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ನಗರದಲ್ಲಿ, ನಡುರಾತ್ರಿ 12ಕ್ಕೆ, ಲಿಂಟನ್ ಸ್ವತಃ ಕೌಂಟರಿನ ಹಿಂದೆ ನಿಂತು ಮೊದಲ ಗ್ರಾಂ ಮಾರಿದರು.

ಈ ಕಥೆ ಓದುವಾಗಲೆಲ್ಲ ನನಗೆ ಕೆನಡಾ ಮರೆತುಹೋಗುತ್ತದೆ, ಚಿಕ್ಕಪ್ಪ ಎದುರಿಗೆ ಬಂದು ನಿಲ್ಲುತ್ತಾರೆ.

2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ವೆನಿಲ್ಲಾ ತೋಟಗಳು ನೆಲ ಕಚ್ಚಿದವು. ಮೂರು ವರ್ಷದಲ್ಲಿ ಅದರ ಪರಿಣಾಮ ಮಲೆನಾಡಿನ ನಮ್ಮ ಮನೆಯ ಜಗಲಿಗೆ ಬಂತು. ಹಸಿ ಕೋಡಿಗೆ ಕಿಲೊಗೆ ಮೂರು ಸಾವಿರ ದಾಟಿದೆಯಂತೆ! ಚಿಕ್ಕಪ್ಪ ಅಡಿಕೆ ಸಸಿ ಹಾಕಲು ತೆಗೆದಿಟ್ಟ ಜಾಗಕ್ಕೆ ಸಾಲಾಗಿ ಗೊಬ್ಬರದ ಗಿಡದ ಗೂಟ ನೆಟ್ಟು ವೆನಿಲ್ಲಾ ಹಬ್ಬಿಸಿದರು. ಆ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಮೆಕ್ಸಿಕೊದ ಜೇನು ಇಲ್ಲಿಲ್ಲವಾದ್ದರಿಂದ ಪರಾಗಸ್ಪರ್ಶ ಮನುಷ್ಯನೇ ಮಾಡಬೇಕು. ಏಳು ಗಂಟೆಗೆಲ್ಲ ಚಿಕ್ಕಪ್ಪ ಒಂದು ಕೈಯಲ್ಲಿ ಹೂ ಹಿಡಿದು, ಇನ್ನೊಂದು ಕೈಯ ಚೂಪು ಕಡ್ಡಿಯಿಂದ ಒಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಮೆತ್ತಗೆ ಒತ್ತುತ್ತಿದ್ದರು. ಉಸಿರು ಬಿಗಿಹಿಡಿದು. ಮಗುವಿಗೆ ಕಣ್ಣಿಗೆ ಔಷಧಿ ಹಾಕುವವರ ಮುಖ. ‘ಇದೊಂದು ಸಾಕು ಮಾರಾಯ, ಕೊನೆಗೌಡನ ಕಾಲು ಹಿಡಿಯೋ ಗೋಳೇ ಇಲ್ಲ’ ಎನ್ನುತ್ತಿದ್ದರು, ಅಡಿಕೆ ಕೊನೆ ಇಳಿಸುವವನನ್ನು ನೆನೆದು. ರಾತ್ರಿ ತೋಟಕ್ಕೆ ನಾಯಿ, ಟಾರ್ಚು, ಒಬ್ಬ ಆಳು. ಕೋಡಿನ ಮೇಲೆ ಸೂಜಿಯಿಂದ ಚುಚ್ಚಿ ಗುರುತು ಹಾಕಿದವರೂ ಇದ್ದರು, ಕಳುವಾದರೆ ಪೇಟೆಯಲ್ಲಿ ಪತ್ತೆ ಹಚ್ಚಲು.

ಕೋಡು ಬಲಿಯಲು ಒಂಬತ್ತು ತಿಂಗಳು. ಬಸುರಿನಷ್ಟೇ. ಚಿಕ್ಕಪ್ಪನ ಮೊದಲ ದೊಡ್ಡ ಕೊಯ್ಲು ಬರುವ ಹೊತ್ತಿಗೆ ಮಡಗಾಸ್ಕರ್ ಚೇತರಿಸಿಕೊಂಡಿತ್ತು. ನಮ್ಮಂತೆ ಇಂಡೊನೇಷ್ಯಾ, ಉಗಾಂಡಾಗಳಲ್ಲೂ ಎಲ್ಲರ ಚಿಕ್ಕಪ್ಪಂದಿರೂ ನೆಟ್ಟಿದ್ದರು. ನೂರು ರೂಪಾಯಿಗೂ ಕೇಳುವವರಿರಲಿಲ್ಲ. ಆದರೆ ಆ ಮೂರು ವರ್ಷದಲ್ಲಿ ದುಡ್ಡು ಮಾಡಿದವರು ಇರಲಿಲ್ಲವೆಂದಲ್ಲ. ಪಕ್ಕದ ಊರಿನ ಒಬ್ಬರು ಒಂದು ಕೋಡನ್ನೂ ಮಾರಲಿಲ್ಲ. ಬಳ್ಳಿ ತುಂಡು ಮಾಡಿ, ಮೀಟರ್ ಲೆಕ್ಕದಲ್ಲಿ, ನೆಡುವವರಿಗೆ ಮಾರಿದರು. ಅದೇ ದುಡ್ಡಿನಲ್ಲಿ ಮನೆಗೆ ಆರ್‌ಸಿಸಿ ಹಾಕಿಸಿದರು. ಆ ವರ್ಷಗಳ ನಿಜವಾದ ಬೆಳೆ ವೆನಿಲ್ಲಾ ಅಲ್ಲ, ವೆನಿಲ್ಲಾ ಬೆಳೆಯುವ ಆಸೆ.

ಸ್ಮಿತ್ಸ್ ಫಾಲ್ಸಿನಲ್ಲಿ ಬೆಳೆದದ್ದೂ ಅದೇ. ತುಂಡುಬಳ್ಳಿಯ ಜಾಗದಲ್ಲಿ ಅಲ್ಲಿ ಷೇರು ಇತ್ತು, ಅಷ್ಟೇ. 2019ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಕಂಪನಿಯ ವ್ಯಾಪಾರ 22.6 ಕೋಟಿ ಡಾಲರ್, ನಷ್ಟ 67 ಕೋಟಿ ಡಾಲರ್. ರೂಪಾಯಿ ವ್ಯಾಪಾರಕ್ಕೆ ಸುಮಾರು ಮೂರು ರೂಪಾಯಿ ನಷ್ಟ. ನಮ್ಮೂರ ಶೆಟ್ಟರ ಅಂಗಡಿಯಲ್ಲಿ ಹೀಗಾದರೆ ಶೆಟ್ಟರ ಮನೆಯವರು ಅವರನ್ನು ಗಲ್ಲಾದಿಂದ ಎಬ್ಬಿಸುತ್ತಾರೆ. ಬಿಯರ್ ಕಂಪನಿಯವರೂ ಅದನ್ನೇ ಮಾಡಿದರು. 2019ರ ಜುಲೈನಲ್ಲಿ ಲಿಂಟನ್ ಅವರನ್ನು ಮನೆಗೆ ಕಳಿಸಲಾಯಿತು. ಅವರು ಅದನ್ನು ಮುಚ್ಚಿಡಲಿಲ್ಲ, ತೆಗೆದುಹಾಕಿದರು ಎಂದೇ ಹೇಳಿಕೊಂಡರು. ಈ ಇಡೀ ಪ್ರಕರಣದಲ್ಲಿ ಷೇರುಪೇಟೆಯ ಭಾಷೆ ಬಿಟ್ಟು ಮನುಷ್ಯರ ಭಾಷೆಯಲ್ಲಿ ಬಂದ ಕೆಲವೇ ಮಾತುಗಳಲ್ಲಿ ಅದೂ ಒಂದು.

ತಪ್ಪಿದ್ದೆಲ್ಲಿ ಎಂದು ವರದಿಗಳ ಮೇಲೆ ವರದಿ ಬಂದಿವೆ. ನನಗೆ ಕಾಣುವುದು ಇಷ್ಟು: ಗಾಂಜಾಕ್ಕೆ ಬೆಲೆ ತಂದುಕೊಟ್ಟದ್ದು ಗಿಡವಲ್ಲ, ನಿಷೇಧ. ಕದ್ದು ಬೆಳೆದು, ಕದ್ದು ಸಾಗಿಸಿ, ಹೆದರುತ್ತ ಮಾರುವವನ ಎದೆಬಡಿತಕ್ಕೆ ಕೊಡುತ್ತಿದ್ದ ದುಡ್ಡು ಅದು. ನಿಷೇಧ ತೆಗೆದಿರೋ, ಉಳಿಯುವುದು ಒಂದು ಸೊಪ್ಪು. ಕೆನಡಾದ ಕಾನೂನು ಮನೆಗೆ ನಾಲ್ಕು ಗಿಡ ಬೆಳೆದುಕೊಳ್ಳಲು ಬಿಡುತ್ತದೆ (ಒಂದೆರಡು ಪ್ರಾಂತ್ಯ ಬಿಟ್ಟು). ತುಳಸಿ ಕಟ್ಟೆಯ ಪಕ್ಕದ ಕುಂಡದಲ್ಲಿ ಬರುವ ಗಿಡಕ್ಕೆ ಒಂದು ಲಕ್ಷ ಕೋಟಿಯ ಕಂಪನಿ ಯಾಕೆ ಬೇಕು? ಕ್ಯಾನಪಿಯವರೊಬ್ಬರೇ ಅಲ್ಲ, ಲೈಸೆನ್ಸು ಪಡೆದವರೆಲ್ಲ ತಾವೇ ದೇಶಕ್ಕೆಲ್ಲ ಸೇದಿಸುತ್ತೇವೆ ಎಂಬ ಲೆಕ್ಕದಲ್ಲಿ ಗಾಜಿನ ಮನೆ ಕಟ್ಟಿದರು. ಗುಂಪಿನಲ್ಲಿ ಎಲ್ಲರೂ ತಾನೊಬ್ಬನೇ ಮದುಮಗ ಎಂದುಕೊಂಡರೆ ಮದುವೆ ನಡೆದೀತು ಹೇಗೆ! ಸಗಟು ಬೆಲೆ ಕುಸಿಯಿತು, ಆದರೆ ಸರ್ಕಾರದ ಅಬಕಾರಿ ಸುಂಕ ಗ್ರಾಂಗೆ ಕನಿಷ್ಠ ಒಂದು ಡಾಲರ್ ಎಂದು ಕಾನೂನಿನಲ್ಲೇ ಕೂತಿತ್ತು. ತಲೆಗಿಂತ ಮುಂಡಾಸು ಭಾರವಾಯಿತು. 2021ರಲ್ಲಿ ಕೆನಡಾದ ಕಂಪನಿಗಳು ಮಾರಲಾಗದೆ ನಾಶಪಡಿಸಿದ ಗಾಂಜಾವೇ 400 ಟನ್ನಿಗೂ ಹೆಚ್ಚು. ಕಳೆಯನ್ನು ಬೆಳೆ ಮಾಡಿದವರು ಕೊನೆಗೆ ಕಳೆಗೆ ಮಾಡಬೇಕಾದ್ದನ್ನೇ ಮಾಡಿದರು, ಕಿತ್ತು ಎಸೆದರು.

ಈ ನಡುವೆ ಒಂದು ತಮಾಷೆ ನಡೆಯಿತು. 2019ರಲ್ಲಿ ಕಾನೂನು ತಿದ್ದಿ ಗಾಂಜಾ ಬೆರೆಸಿದ ತಿನಿಸುಗಳಿಗೂ ಅನುಮತಿ ಕೊಟ್ಟರು. ಪೊಟ್ಟಣಕ್ಕೆ ಅಮಲಿನ ಅಂಶ ಹತ್ತು ಮಿಲಿಗ್ರಾಂ ಮೀರುವಂತಿಲ್ಲ. ಕಂಪನಿ ಯಾವ ತಿನಿಸು ಹೊರತಂದಿತು ಊಹಿಸಿ. ಚಾಕೊಲೇಟ್. ಹರ್ಷೀಸ್ ಬಿಟ್ಟುಹೋದ ಊರಿನಲ್ಲಿ, ಅಷ್ಟೆಲ್ಲ ಸುತ್ತು ಹೊಡೆದು, ಮತ್ತೆ ಚಾಕೊಲೇಟ್ ಅಚ್ಚು ಹಾಕುವ ಕೆಲಸಕ್ಕೇ ಬಂದು ನಿಂತರು.

ಬೇರೆ ಊರುಗಳ ಕಥೆಯೂ ಇದೆ, ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಲಿಫೋರ್ನಿಯಾದ ಮರಳುಗಾಡಿನ ಅಡೆಲಾಂಟೊ ಎಂಬ ನಗರ ಜೈಲುಗಳನ್ನು ನಂಬಿಕೊಂಡು ಬದುಕಿದ್ದು, ದಿವಾಳಿಯ ಅಂಚಿನಲ್ಲಿತ್ತು. 2015ರಲ್ಲಿ ಔಷಧಿ ಗಾಂಜಾ ಬೆಳೆಯಲು ಜಾಗ ಗೊತ್ತುಮಾಡಿ ಕರೆ ಕೊಟ್ಟಿತು. ಏನೂ ಬೆಳೆಯದ ಭೂಮಿಯ ಬೆಲೆ ರಾತ್ರೋರಾತ್ರಿ ಏರಿತು. ಅಲ್ಲಿನ ನಗರಸಭೆಯ ಸದಸ್ಯರೊಬ್ಬರು 2017ರಲ್ಲಿ ಸಿಕ್ಕಿಬಿದ್ದರು. ಗಾಂಜಾ ವ್ಯವಹಾರಕ್ಕೆ ಅನುಕೂಲ ಮಾಡಿಕೊಡಲು ವೇಷ ಮರೆಸಿದ ಎಫ್‌ಬಿಐ ಅಧಿಕಾರಿಯಿಂದ 10 ಸಾವಿರ ಡಾಲರ್ ಲಂಚ ತೆಗೆದುಕೊಂಡದ್ದು ಒಂದು. ವಿಮೆ ಹಣಕ್ಕಾಗಿ ತನ್ನದೇ ಹೋಟೆಲಿಗೆ ಬೆಂಕಿ ಹಚ್ಚಿಸಲು ಮತ್ತೊಬ್ಬ ಮಫ್ತಿ ಅಧಿಕಾರಿಯನ್ನೇ ಗೊತ್ತುಮಾಡಿದ್ದು ಇನ್ನೊಂದು. ಆಫ್ರಿಕಾದ ಪುಟ್ಟ ಲೆಸೋಥೊ 2017ರಲ್ಲಿ ಔಷಧಿ ಗಾಂಜಾಕ್ಕೆ ಲೈಸೆನ್ಸು ಕೊಟ್ಟ ಖಂಡದ ಮೊದಲ ದೇಶವೆನಿಸಿತು. ನಮ್ಮ ಕ್ಯಾನಪಿ ಅಲ್ಲಿಗೂ 2018ರಲ್ಲಿ ಹೋಯಿತು, 2020ರಲ್ಲಿ ಗಂಟುಮೂಟೆ ಕಟ್ಟಿತು.

ಔಷಧಿಯ ಮಾತು ಬರೀ ನೆಪವೆಂದರೆ ತಪ್ಪಾಗುತ್ತದೆ. ಗಾಂಜಾ ಗಿಡದಿಂದ ತೆಗೆದ, ಅಮಲು ಇಲ್ಲದ ಸಿಬಿಡಿ ಎಂಬ ಅಂಶದ ಒಂದು ದ್ರವಕ್ಕೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು, ಎರಡು ಬಗೆಯ ಅಪರೂಪದ ಮೂರ್ಛೆರೋಗಕ್ಕೆ. ದಿನಕ್ಕೆ ಹತ್ತಾರು ಸಲ ಸೆಟೆದುಕೊಳ್ಳುವ ಮಗುವಿನ ತಾಯಿಗೆ ಅದರ ಬೆಲೆ ಏನೆಂದು ಷೇರುಪೇಟೆ ಹೇಳಲಾರದು. ಆದರೆ ಅಂಥ ಮಕ್ಕಳು ಎಷ್ಟು ಮಂದಿ? ನಿಜವಾದ ಔಷಧಿಗೆ ಬೇಕಾದಷ್ಟೇ ಗಿಡ ಸಾಕು; ನಾಲ್ಕು ಲಕ್ಷ ಚದರಡಿ ಬೇಕಾಗುವುದಿಲ್ಲ. ಊರು ಉದ್ಧಾರ ಮಾಡಲು ಬೇಕಾಗುವಷ್ಟು ರೋಗಿಗಳು ಲೋಕದಲ್ಲಿ ಇಲ್ಲದಿರುವುದು ಲೋಕದ ಭಾಗ್ಯ, ಅಭಿವೃದ್ಧಿ ಕಚೇರಿಯ ದೌರ್ಭಾಗ್ಯ.

2023ರ ಫೆಬ್ರವರಿಯಲ್ಲಿ ಕ್ಯಾನಪಿ 800 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿಯೂ ಸ್ಮಿತ್ಸ್ ಫಾಲ್ಸಿನ ಆ ಕಟ್ಟಡ ಮುಚ್ಚುವುದಾಗಿಯೂ ಹೇಳಿತು. ಆ ವರ್ಷದ ನಷ್ಟ 330 ಕೋಟಿ ಡಾಲರ್. ಊರಿಗೆ ಇದು ಹೊಸತಲ್ಲ. ಬೀಗ ಬೀಳುವುದನ್ನು ಕಂಡು ಪಳಗಿದವರು. ಹೊಸತೆಂದರೆ ಕೊಳ್ಳಲು ಬಂದ ಗಿರಾಕಿ. 5.3 ಕೋಟಿ ಡಾಲರ್ ಕೊಟ್ಟು ಕಟ್ಟಡ ಕೊಂಡದ್ದು ಹರ್ಷೀಸ್. ಹದಿನೈದು ವರ್ಷದ ಹಿಂದೆ ಬೀಗ ಜಡಿದು ಹೋದವರು, ಸುಣ್ಣಬಣ್ಣ ಆಗಿದ್ದ ತವರಿಗೆ ತಿರುಗಿ ಬಂದರು. ಅವರು ವಿಳಾಸ ಹುಡುಕುವ ಕಷ್ಟವೂ ಇರಲಿಲ್ಲ. ಗಾಂಜಾ ಕಂಪನಿ ಅಷ್ಟೂ ವರ್ಷ ತನ್ನ ಕಾಗದಪತ್ರಗಳಲ್ಲಿ ಬರೆದುಕೊಂಡ ವಿಳಾಸ ಇದು: 1, ಹರ್ಷೀ ಡ್ರೈವ್.

ನಮ್ಮಲ್ಲಿ ಇಷ್ಟೆಲ್ಲ ಆಗಿಲ್ಲ. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈಗಲೂ ವಾರಕ್ಕೊಂದು ಚಿತ್ರ ಬರುತ್ತದೆ: ಮೆಕ್ಕೆಜೋಳದ ನಡುವೆ ಬೆಳೆದಿದ್ದ ಹಸಿ ಗಾಂಜಾ ಗಿಡಗಳ ರಾಶಿ, ಅದರ ಹಿಂದೆ ಸಾಲಾಗಿ ನಿಂತ ಸಿಬ್ಬಂದಿ, ತುದಿಯಲ್ಲಿ ತಲೆ ತಗ್ಗಿಸಿದ ರೈತ. 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆ ಹೂವಿನ ತೆನೆಯನ್ನು ಗಾಂಜಾ ಎನ್ನುತ್ತದೆ, ಬರೀ ಎಲೆಯನ್ನೂ ಬೀಜವನ್ನೂ ಅನ್ನುವುದಿಲ್ಲ. ಭಂಗಿ ಆ ಕಾಯ್ದೆಯಡಿ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಹೇಳಿತ್ತು. ಅದೇ ಕಾಯ್ದೆ, ಕೈಗಾರಿಕೆಗೆ ಬೇಕಾದರೆ ಸರ್ಕಾರ ಬೆಳೆಯಲು ಬಿಡಬಹುದು ಎಂದೂ ಹೇಳುತ್ತದೆ. ಆ ಕಿಂಡಿಯಿಂದ ಉತ್ತರಾಖಂಡ 2018ರಲ್ಲಿ ಅಮಲಿಲ್ಲದ ತಳಿಗೆ ಲೈಸೆನ್ಸು ಕೊಟ್ಟಿತು. ಹಿಮಾಚಲ ಪ್ರದೇಶ 2023ರಲ್ಲಿ ಸಮಿತಿ ಮಾಡಿತು, 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿಯ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯಗಳಿಂದ ಪ್ರಾಯೋಗಿಕ ಅಧ್ಯಯನ ಮಾಡಿಸಲು ಅಲ್ಲಿನ ಸಂಪುಟ ಒಪ್ಪಿತು. ಸಾಲದಲ್ಲಿರುವ ರಾಜ್ಯ. ಸೇಬು ಕೈಕೊಟ್ಟ ವರ್ಷಗಳು. ಔಷಧಿ, ನಾರು, ವರಮಾನ, ಉದ್ಯೋಗ: ಭಾಷಣಕ್ಕೆ ಬೇಕಾದ ಪದಗಳೆಲ್ಲ ಸೇರಿವೆ.

ಈ ಸುದ್ದಿಯನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. ಎಂಬತ್ತರ ಹತ್ತಿರ ಅವರಿಗೆ. ವೆನಿಲ್ಲಾ ಹಬ್ಬಿಸಿದ್ದ ಗೂಟಗಳೆಲ್ಲ ಈಗ ಮರವಾಗಿ ಕಾಳುಮೆಣಸು ಹೊತ್ತು ನಿಂತಿವೆ. ಸ್ಮಿತ್ಸ್ ಫಾಲ್ಸಿನ ಕಥೆಯನ್ನೂ ಪೂರ್ತಿ ಹೇಳಿದೆ, ಚಾಕೊಲೇಟಿನಿಂದ ಚಾಕೊಲೇಟಿನವರೆಗೆ. ಕವಳದ ಬಟ್ಟಲು ಪಕ್ಕಕ್ಕೆ ಸರಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

‘ಹೌದೇನೋ, ಅದರ ಸಸಿ ಯಾರು ಮಾರ್ತಾರಂತೆ?’